ಗೊಂಬೆ ಬೇಡವೆಂದಾಗ

ಮಾರ್ಚ್ ೧೨, ಗುರುವಾರ

ನರ್ಸಿಂಗ್ ಓದುವ ಮೊಮ್ಮಗಳಿಗೆ ನಾಳೆ ಮೊದಲ ವಾರ್ಡ್ ಡ್ಯೂಟಿ. ಇಷ್ಟು ದಿನ ಕಾಲೇಜಿನ ರಬ್ಬರ್ ಗೊಂಬೆಗೆ ಸೂಜಿ ಚುಚ್ಚಿ ಕಲಿತದ್ದು ಅವಳಿಗೆ ಬಲು ಖುಷಿ.

"ನೋವೇ ಇಲ್ಲದ ಗೊಂಬೆ ಏನು ಕಲಿಸುತ್ತೆ?" ಎಂದು ರೇಗಿದೆ.

"ಒಪ್ಪಿಗೆ ಕೇಳಿ ಚುಚ್ಚೋದನ್ನ, ತಾತ. ಪರದೆ ಹಿಂದಿಂದ ಮೇಡಂ ಗೊಂಬೆ ಪರವಾಗಿ ಮಾತಾಡ್ತಾರೆ. ಇವತ್ತು 'ಬೇಡಮ್ಮ, ಭಯ ಆಗುತ್ತೆ' ಅಂದ್ರು. ಸೂಜಿ ಕೆಳಗಿಟ್ಟು ರಬ್ಬರ್ ಕೈ ಹಿಡ್ಕೊಂಡು ಕೂತೆ. 'ಹೂಂ' ಅಂದ್ಮೇಲೇ ಚುಚ್ಚಿದ್ದು. ನಗ್ಬೇಡ!"

ನಗು ಬರಲಿಲ್ಲ. ನನ್ನ ಅಮ್ಮ ಧರ್ಮಾಸ್ಪತ್ರೆಯಲ್ಲಿ ಮಲಗಿದ್ದಾಗ ಕಲಿಯುವವರಿಗೆಲ್ಲ ಅವಳ ತೋಳೇ ಗೊಂಬೆ. ನೀಲಿಗಟ್ಟುವವರೆಗೂ ಚುಚ್ಚಿದರು, "ಬೇಡ" ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ, ಆರಲೂಬಾರದು. ಆದರೆ ನಾಳೆ ಯಾರಾದರೂ ಬೇಡವೆಂದರೆ ನಮ್ಮ ಹುಡುಗಿ ಸೂಜಿ ಕೆಳಗಿಡುತ್ತಾಳೆ. ಇವತ್ತು ನಿದ್ದೆ ಬಂದೀತು.