ಕೆರೆ ತೋಡಿದವರ ಹಾಡು

ರಾಮದಾಸಪೇಠ್, ನಾಗಪುರ
೧೮ ಜನವರಿ ೧೯೫೫

ಪ್ರೀತಿಯ ವನಜಕ್ಕ,

ನೀನು ಹೊಲಿದು ಕಳಿಸಿದ ಕುಂಚಿಗೆ ವಸುಧಾಗೆ ಬರೋಬರ್ ಆಗಿದೆ. ಅವಳು ಮಲಗಿದರೂ ನನಗೆ ನಿದ್ದೆಯಿಲ್ಲ. ಕಾರಣ ಅವಳಲ್ಲ, ನಾನು ಮಾಡಿಟ್ಟ ಒಂದು ಕೆಲಸ.

ಬುಟಿಬೋರಿ ಹತ್ತಿರ ಗೊಂಡರ ಹಳ್ಳಿಯೊಂದರ ಕೆರೆಯನ್ನು ಸಾಹುಕಾರನೊಬ್ಬ ತನ್ನದೆನ್ನುತ್ತಾನೆ. ಅವನ ಬಳಿ ಕಾಗದವಿದೆ. ಹಳ್ಳಿಯವರ ಬಳಿ ಇರುವುದು ಹಾಡು, ಅದನ್ನು ಹಾಡುವ ಪರಧಾನ, ಅಂದರೆ ಗೊಂಡರ ವಂಶದ ಕಥೆ ಹಾಡುವ ಮುದುಕ, ಪಾಂಡುರಂಗ ಮಡಾವಿ. ವಿಚಾರಣೆಗಾಗಿ ಅದನ್ನು ಬರೆದುಕೊಡಲು, ಹಳ್ಳಿಯವರ ಪರ ನಿಂತಿರುವ ನಮ್ಮ ಕಾಲೇಜಿನ ಪ್ರೊಫೆಸರರು ನನಗೆ ಹೇಳಿದರು. ಕೂಸು ಬಿಟ್ಟು ನಾನು ಹೋಗಲಾರೆನೆಂದು ಆ ಮಡಾವಿ ಅಜ್ಜನೇ ನಮ್ಮ ಪಡಸಾಲೆಗೆ ಬಂದು, ತಂತಿವಾದ್ಯ ನುಡಿಸಿ ಹಾಡಿ, ಮರಾಠಿಯಲ್ಲಿ ಬಿಡಿಸಿ ಹೇಳಿದರು. ಮೊದಲ ಗುದ್ದಲಿ ಹಾಕಿದವನಿಂದ ಇಂದಿನವರವರೆಗೆ ಹೆಸರು ಹೇಳುತ್ತ ಬಂದು, ಕೊನೆಗೆ ಆ ನೀರಿನ ದಂಡೆಯಲ್ಲಿ ವಸುಧಾ ಆಡುತ್ತಾಳೆ ಎಂದು ಮುಗಿಸಿದರು. ಹಾಡು ಕೇಳಿದ ಮನೆಯ ಮಕ್ಕಳನ್ನು ಸೇರಿಸದೆ ಅವರು ಮುಗಿಸುವುದಿಲ್ಲವಂತೆ.

ಇವರು ಡ್ಯೂಟಿ ಮುಗಿಸಿ ಬಂದಾಗ ಹೇಳಿದರೆ ನಕ್ಕರು. “ರೈಲ್ವೆ ಪಾಸಿನ್ಯಾಗ ಆಕಿ ಹೆಸರು ಹಾಕಸಾಕ ಹುಟ್ಟಿದಾಗಿಂದ ಅಡ್ಡಾಡಾಕತ್ತೀನಿ. ಅಜ್ಜ ಕುಂತಲ್ಲೇ ಸೇರಿಸಿಬಿಟ್ಟ ನೋಡು.”

ನಾನು ಆ ಸಾಲು ಬಿಟ್ಟು ಪ್ರತಿ ಮಾಡಿಕೊಟ್ಟೆ. ಕಲಬೆರಕೆಯಿಲ್ಲದ ಇತಿಹಾಸವೆಂದು ಪ್ರೊಫೆಸರರು ಹಿಗ್ಗಿ ಒಪ್ಪಿಸಿದರು. ಈಗ ವಿಚಾರಣೆ ನಡೆಸುವ ಅಧಿಕಾರಿ, ಸೋಮವಾರ ಅಜ್ಜ ತಮ್ಮೆದುರೇ ಹಾಡಲಿ, ಬರಹದೊಡನೆ ತಾಳೆ ನೋಡುತ್ತೇನೆ ಎಂದಿದ್ದಾರೆ. ಅಜ್ಜ ಅಲ್ಲೂ ಆ ಅಧಿಕಾರಿ ಸಾಹೇಬರ ಮಕ್ಕಳ ಹೆಸರು ಕೇಳಿ ಸೇರಿಸುತ್ತಾರೆ. ಮಕ್ಕಳನ್ನು ಸೇರಿಸಿದವನು ಮುತ್ತಾತಂದಿರನ್ನೂ ತಾನೇ ಕಟ್ಟಿ ಸೇರಿಸಿರಲಾರನೇ ಎಂದು ಸಾಹುಕಾರನ ವಕೀಲ ಕೇಳದೆ ಬಿಟ್ಟಾನೆಯೇ? ಕೆರೆ ಹೋದೀತು, ಅಕ್ಕ.

ನಿನ್ನೆ ಅಜ್ಜನನ್ನು ಕರೆಸಿ, ಅದೊಂದು ಸಾಲು ಬಿಡಿ ಎಂದು ಬೇಡಿಕೊಂಡೆ. ಅವರು ಸಿಟ್ಟಾಗಲಿಲ್ಲ.

“ಹಿರೀಕರನ್ನ ಮುಟ್ಟೂ ಹಕ್ಕು ನನಗಿಲ್ಲ, ಬಾಯಿಸಾಹೇಬ. ಮಕ್ಕಳನ್ನ ಬಿಡೂ ಹಕ್ಕೂ ಇಲ್ಲ” ಎಂದರು.

ಪ್ರೊಫೆಸರರಿಗೆ ಇವತ್ತು ಹೊಸ ಪ್ರತಿ ಕಳಿಸಿ, ಬರೆದು ತಿಳಿಸಿದ್ದೇನೆ. ಆ ಸಾಲು ಹಾಡಿನದೇ, ಬರಹ ಚೊಕ್ಕಟವಾಗಿರಲೆಂದು ಬಿಟ್ಟವಳು ನಾನು, ಹಾಡಿನಲ್ಲಿ ಯಾವುದು ಮನೆಮನೆಗೆ ಬದಲಾಗುತ್ತದೆ, ಯಾವುದು ಆಗುವುದಿಲ್ಲ ಎಂದು ವಿಚಾರಣೆಯಲ್ಲಿ ನಾನೇ ಹೇಳುತ್ತೇನೆ ಎಂದು. ನಂಬುತ್ತಾರೋ ಇಲ್ಲವೋ. ಕೂಸನ್ನು ಎತ್ತಿಕೊಂಡೇ ಹೋಗಬೇಕು.

ಅವ್ವನಿಗೆ ಇದನ್ನು ಓದಿ ಹೇಳಬೇಡ.

ನಿನ್ನ ನಿದ್ದೆಗೇಡಿ ತಂಗಿ,
ಕಲಾವತಿ

ತಾ.ಕ.: ಚೊಕ್ಕಟಕ್ಕಾಗಿ ಬಿಟ್ಟದ್ದಲ್ಲ, ಅಕ್ಕ. ಎಷ್ಟು ಮಕ್ಕಳು ಎಂದು ಅಜ್ಜ ಕೇಳಿದಾಗ ನನ್ನ ಬಾಯಿಂದ ಇಬ್ಬರು ಎಂದು ಬಂದುಬಿಟ್ಟಿತು. ಆ ಸಾಲಿನಲ್ಲಿ ವಸುಧಾಳ ಕೈ ಹಿಡಿದು ನಮ್ಮ ಶಾಮನೂ ಆಡುತ್ತಾನೆ. ಹೋದ ವರ್ಷ ಅವನನ್ನು ಮಣ್ಣು ಮಾಡಿ ಬಂದ ಮೇಲೆ ಈ ಮನೆಯಲ್ಲಿ ಯಾರೂ ಅವನ ಹೆಸರೆತ್ತಿಲ್ಲ. ಬರೆಯಲು ಕೈ ಬರಲಿಲ್ಲ. ಇವತ್ತು ಕಳಿಸಿದ ಪ್ರತಿಯಲ್ಲಿ ಬರೆದಿದ್ದೇನೆ. ಸೋಮವಾರ ವಿಚಾರಣೆಯಲ್ಲಿ ಅದನ್ನು ಗಟ್ಟಿಯಾಗಿ ಓದುತ್ತಾರೆ. ಇವರೂ ರಜೆ ಹಾಕಿ ಬರುತ್ತಿದ್ದಾರೆ. ಇವರಿಗೆ ಇನ್ನೂ ಹೇಳಿಲ್ಲ.