ತಪ್ಪು ನನ್ನದು, ನಮೂದಾದದ್ದು ಮಗಳ ಸಂಖ್ಯೆಯಲ್ಲಿ

ವಿದ್ಯಾರ್ಥಿಗಳ ಗುರುತಿನ ಸಂಖ್ಯೆ, ದಾಖಲೆಗಳನ್ನು ಕಾಯುವ ಹೊಣೆ ಹೊತ್ತ ಮಾನ್ಯರೇ,

ನನ್ನ ಮಗಳು ಕಾಲೇಜಿಗೆ ಹೋಗುವುದನ್ನು ಬಿಟ್ಟು ಇಂದಿಗೆ ನಲವತ್ತೊಂದು ದಿನ. ಅವಳಿಗೆ ಕಾಯಿಲೆಯಿಲ್ಲ, ಫೇಲಾಗಿಲ್ಲ. ನೀವು ಕೊಟ್ಟ ಸಂಖ್ಯೆಯನ್ನು ಒತ್ತಿದಾಗ ತೆರೆದುಕೊಂಡ ಅವಳ ಪುಟವನ್ನು ಎಂಬತ್ತು ಮಂದಿ ಒಟ್ಟಿಗೆ ಓದಿದರು. ದೂರು ಇಷ್ಟೇ. ಉಳಿದದ್ದು ವಿವರ.

ನಾನು ಹನೂರು ತಾಲ್ಲೂಕಿನವನು. ಹೂಗ್ಯಂ ಕಡೆಯ ಕಾಡಂಚಿನ ಊರುಗಳಿಗೆ ಅಂಚೆ ಹಂಚುತ್ತೇನೆ. ಊರಿನ ಹೆಸರನ್ನೂ ಮಗಳ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನಿಮ್ಮ ಬಳಿ ಹೇಗೂ ಎಲ್ಲವೂ ಇದೆ.

ಮೊದಲು ನನ್ನ ತಪ್ಪು. ನಾಲ್ಕು ವರ್ಷಗಳ ಹಿಂದೆ ಅವಳು ಎಂಟನೇ ತರಗತಿಯಲ್ಲಿದ್ದಳು. ಹಾಸಿಗೆ ಹಿಡಿದಿದ್ದ ನನ್ನ ತಾಯಿ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಮದುವೆ ನೋಡಬೇಕೆಂದರು. ಗಡಿಯಾಚೆ ನೆಂಟರ ಹುಡುಗನಿದ್ದ. ನಾನು ಹೂಂ ಅಂದೆ. ಕಾನೂನು ಗೊತ್ತಿದ್ದವನು, ಸರ್ಕಾರದ ಚೀಲ ಹೊರುವವನು, ಹೂಂ ಅಂದೆ. ಚಪ್ಪರ ಹಾಕುವ ದಿನ ಅವಳ ಟೀಚರ್ ಶಿವರಂಜನಿಯವರು ಅಧಿಕಾರಿಗಳನ್ನೂ ಪೊಲೀಸರನ್ನೂ ಕರೆದುಕೊಂಡು ಬಂದರು. ಮದುವೆ ನಿಂತಿತು. ಹದಿನೆಂಟು ತುಂಬುವವರೆಗೆ ಮದುವೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟೆ. ಅಂದು ಆ ಹೆಣ್ಣುಮಗಳನ್ನು ಶಪಿಸಿದ್ದೆ. ಈಗ ಎದುರಿಗೆ ಬಂದರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತೇನೆ.

ನಾಲ್ಕು ತಿಂಗಳು ಮಗಳು ಹೊಸ್ತಿಲು ದಾಟಲಿಲ್ಲ. ಆಮೇಲೆ ಯಳಂದೂರಿನ ಹಾಸ್ಟೆಲಿಗೆ ಸೇರಿಸಿದೆವು. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಅವಳು ಮತ್ತೆ ನಕ್ಕಳು, ಖೋ ಖೋ ಆಡಿದಳು, ಹತ್ತನೇ ತರಗತಿಯಲ್ಲಿ ನೂರಕ್ಕೆ ಎಂಬತ್ತೊಂಬತ್ತು ತೆಗೆದಳು. ಪಿಯುಸಿ ವಿಜ್ಞಾನಕ್ಕೆ ಕೊಳ್ಳೇಗಾಲಕ್ಕೆ ಹೋದಳು, ಅಲ್ಲೂ ಹಾಸ್ಟೆಲಿನಲ್ಲೇ ಇದ್ದಳು. ನರ್ಸಿಂಗ್ ಓದುತ್ತೇನೆ ಎನ್ನುತ್ತಿದ್ದಳು.

ಎರಡನೇ ವರ್ಷ ಶುರುವಾದಾಗ ಎಲ್ಲರ ವಿವರ ಪರಿಶೀಲಿಸಬೇಕೆಂದು ನಿಮ್ಮ ಕಚೇರಿಯಿಂದ ಸೂಚನೆ ಬಂತಂತೆ. ಎರಡೇ ದಿನದ ಗಡುವು. ಕಾಲೇಜಿನ ಗುಮಾಸ್ತ ನಟರಾಜು ಕಂಪ್ಯೂಟರನ್ನು ತರಗತಿಗೇ ತಂದು, ಒಬ್ಬೊಬ್ಬರ ಸಂಖ್ಯೆ ಒತ್ತಿ, ಪುಟವನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟರು. ಜಾತಿ, ಅಪ್ಪನ ಆದಾಯ, ಅಂಕ, ಎಲ್ಲರದ್ದೂ ಎಲ್ಲರಿಗೂ. ಮಗಳ ಸರದಿಯೂ ಬಂತು. ‘ಶಾಲೆಯಿಂದ ಹೊರಗುಳಿದ ಅವಧಿ: ನಾಲ್ಕು ತಿಂಗಳು. ಕಾರಣ: ಬಾಲ್ಯವಿವಾಹ.’ ನಿಂತುಹೋದ ಮದುವೆಯನ್ನು ನಿಮ್ಮ ದಾಖಲೆ ಮಾಡಿ ಮುಗಿಸಿತ್ತು.

"ಮೊದ್ಲು ಎಸ್ರು ಸರಿಯಾಗದಾ ಅಂತ ನೋಡ್ದೆ ಕಣವ್ವ, ಸರಿಯಾಗಿತ್ತು. ಆಮೇಲೆ ಇಂದ್ಗಡೆಯಿಂದ ಯಾರೋ ಜೋರಾಗಿ ಓದುದ್ರು" ಎಂದು ತಾಯಿಗೆ ಹೇಳಿದಳಂತೆ. ನನಗೆ ಅಷ್ಟನ್ನೂ ಹೇಳಿಲ್ಲ.

ಯಾರೋ ಫೋಟೊ ತೆಗೆದರು. ಸಂಜೆಗೆ ಅದು ನನ್ನ ಫೋನಿಗೂ ಬಂತು. ಮಾರನೆಯ ದಿನ ಅವಳ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ‘ಯಜಮಾನ್ರು ಚೆನ್ನಾಗವ್ರಾ?’ ಎಂದು ಬರೆದಿತ್ತು. ಮೂರು ದಿನ ಅದೇ ಬೆಂಚಿನಲ್ಲಿ ಕೂತಳು. ನಾಲ್ಕನೆಯ ದಿನ ಪೆಟ್ಟಿಗೆ ತೆಗೆದುಕೊಂಡು ಬಸ್ಸು ಹತ್ತಿ ಮನೆಗೆ ಬಂದಳು. ಅಳಲಿಲ್ಲ. ಅಳುವುದು ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳ ಹಿಂದೆಯೇ ಮುಗಿದಿದೆ.

ನಾನು ರಜೆ ಹಾಕಿ ಹೊರಟೆ. ಕೊಳ್ಳೇಗಾಲದಲ್ಲಿ ನಟರಾಜು, "ನಾವ್ ನೋಡ್ಬೋದು ಅಷ್ಟೇ ಸಾ, ತಿದ್ದಕ್ಕಾಗಲ್ಲ. ಅಳೇ ಸ್ಕೂಲ್ನೋರೇ ತಿದ್ಬೇಕು" ಎಂದರು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯರು, "ಟೀಸಿ ಕೊಟ್ಮೇಲೆ ಆ ನಂಬರು ನಮ್ಮ ಲಾಗಿನ್‌ನಲ್ಲಿ ಬರೋದೇ ಇಲ್ಲ" ಎಂದರು. ಯಳಂದೂರಿನಲ್ಲಿ, ಆ ಕಾಲಂ ತುಂಬಿದ್ದು ನಾವಲ್ಲ ಎಂದರು. ಯಾರೂ ಗದರಲಿಲ್ಲ, ಒಬ್ಬರು ಟೀ ಕೂಡ ತರಿಸಿದರು. ನೋಡಲು ಇಡೀ ತರಗತಿಗೇ ಅಧಿಕಾರವಿದ್ದ ಒಂದು ಪದವನ್ನು ಅಳಿಸಲು ಮೂರು ತಾಲ್ಲೂಕಿನಲ್ಲಿ ಒಬ್ಬರಿಗೂ ಅಧಿಕಾರವಿಲ್ಲ. ಇಂಥ ಭದ್ರತೆಯನ್ನು ಹೇಗೆ ಸಾಧಿಸಿದಿರಿ ಮಾನ್ಯರೇ?

ಮಗಳ ವಿವರ ದಾಖಲಿಸಲು ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ ಎನ್ನಬಹುದು. ಹೌದು, ಪೋಷಕರ ಸಭೆಯಲ್ಲಿ ಸಹಿ ಹಾಕಿದ್ದೇನೆ. ‘ಕಡ್ಡಾಯವೇನಲ್ಲ, ಆದರೆ ಇವತ್ತೇ ಎಲ್ಲರೂ ಕೊಡಬೇಕು’ ಎಂದಿದ್ದರು. ಆ ಕಾಗದದಲ್ಲಿ ಮಗಳು ಸಹಿ ಮಾಡಲು ಜಾಗವಿರಲಿಲ್ಲ.

ಕಳೆದ ಭಾನುವಾರ ಶಿವರಂಜನಿ ಟೀಚರ್ ಮನೆಗೆ ಬಂದರು. ಆ ಪದವನ್ನು ತುಂಬಿದ್ದು ಅವರೇ. "ಕಾರಣ ಆರಿಸ್ದೆ ಇದ್ರೆ ಪುಟ ಮುಂದಕ್ಕೇ ಹೋಗ್ತಿರ್ಲಿಲ್ಲ. ಮದುವೆ ನಿಂತಿತು ಅನ್ನೋದು ಪಟ್ಟೀಲಿ ಇರ್ಲೇ ಇಲ್ಲ ಕಣಮ್ಮ" ಎಂದು ಜಗಲಿಯ ಮೇಲೆ ಕೂತು ಅತ್ತರು. ಮಗಳು ನೀರು ತಂದುಕೊಟ್ಟಳು. "ಬುಡಿ ಮಿಸ್, ನೀವ್ ಅವತ್ತು ಪೊಲೀಸ್ನೋರ್ನ ಕರ್ಕೊಂಡು ಮನೇಗೆ ಬರ್ದೇ ಇದ್ದಿದ್ರೆ ನಾನು ಕಾಲೇಜ್ನೇ ನೋಡ್ತಿರ್ಲಿಲ್ಲ" ಎಂದಳು. ನಲವತ್ತು ದಿನಗಳಲ್ಲಿ ನನ್ನ ಕಿವಿಗೆ ಬಿದ್ದ ಅವಳ ಅತಿ ಉದ್ದನೆಯ ಮಾತು ಅದು.

ಮಾನ್ಯರೇ, ಇಪ್ಪತ್ತಾರು ವರ್ಷಗಳಿಂದ ನನ್ನ ಚೀಲದಲ್ಲಿ ಕೋರ್ಟಿನ ನೋಟಿಸು, ಆಸ್ಪತ್ರೆಯ ರಿಪೋರ್ಟು, ಓಡಿಹೋದ ಮಗನ ಕಾಗದ ಎಲ್ಲವೂ ಬಂದಿವೆ. ಯಾರದ್ದನ್ನು ಯಾರ ಕೈಗೆ ಕೊಡಬೇಕೆಂಬುದೇ ನನ್ನ ಕೆಲಸದ ಮುಕ್ಕಾಲು ಪಾಲು. ಓದು ಬಾರದ ಮುದುಕಿಯ ಕಾಗದವನ್ನೂ ಅವಳು ಹೇಳಿದರೆ ಮಾತ್ರ ಒಡೆಯುತ್ತೇನೆ. ಇದಕ್ಕೆ ಕಂಪ್ಯೂಟರು ಬೇಕಾಗಲಿಲ್ಲ.

ನನ್ನ ಬೇಡಿಕೆ ಇದು. ಆ ಪದವನ್ನು ಮಗಳ ಪುಟದಿಂದ ತೆಗೆಯಿರಿ. ಅವಳಂಥ ಬೇರೆ ಮಕ್ಕಳ ಪುಟಗಳಿಂದಲೂ ತೆಗೆಯಿರಿ. ಎಷ್ಟು ಮಂದಿ ಅಂಥವರಿದ್ದಾರೆಂದು ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಅಂಕ ನೋಡಬೇಕಾದವರು ಅಂಕವನ್ನಷ್ಟೇ ನೋಡಲಿ. ಅವಳ ಪುಟ ತೆರೆದವರು ಯಾರೆಂದು ಅವಳಿಗೆ ತಿಳಿಸಿ. ಆ ಮದುವೆಯ ಲೆಕ್ಕ ಸರ್ಕಾರಕ್ಕೆ ಬೇಕೇ ಬೇಕೆಂದರೆ ನನ್ನ ಹೆಸರಿನಲ್ಲಿ ಇಟ್ಟುಕೊಳ್ಳಿ. ಮಾಡಹೊರಟವನು ನಾನು. ಅವಳು ಹದಿಮೂರು ವರ್ಷದವಳಾಗಿದ್ದಳು ಅಷ್ಟೆ.

ಈ ಪತ್ರವನ್ನು ಕಳಿಸುವ ಮೊದಲು ಮಗಳ ಕೈಗೆ ಕೊಟ್ಟೆ. ಎರಡು ಸಲ ಓದಿದಳು. ಎರಡು ಸಾಲುಗಳ ಮೇಲೆ ಬೆರಳಿಟ್ಟು, "ಇವು ಬ್ಯಾಡ ಅಪ್ಪ" ಎಂದಳು. ಯಾಕೆಂದು ನಾನು ಕೇಳಲಿಲ್ಲ. ಹೊಡೆದುಹಾಕಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಇಂತಿ,
ನಿಮ್ಮ ಪುಟದಲ್ಲಿ ‘ತಂದೆ’ ಎಂಬ ಕಾಲಂನಲ್ಲಿ ಹೆಸರಿರುವವನು