ಏಳು ಹಣೆಗಳು

೧೨ ಆಗಸ್ಟ್, ಮಂಗಳವಾರ. ಮಸ್ಕಿ

ವಿರೂಪಣ್ಣನ ಮಾತು ಇನ್ನೂ ತಲೆ ಕೊರೆಯುತ್ತಿದೆ. ಪ್ರದರ್ಶನ ನಡೆಸುವವನು ಅವನು, ಚಿತ್ರ ಕೆತ್ತಿದವಳು ನಾನು.

"ಮಮತಾ ಮೇಡಂ, ಇವರೇನು ಸತ್ತ ಮನೀಗೆ ಹೊಂಟಾರೇನ್ರಿ? ಅದರಾಗ ಬೋಳು ಹಣಿಯಾಕಿನ್ನ ನಟ್ಟನಡುವ ನಿಲ್ಲಿಸೀರಿ. ಒಂದು ಕುಂಕುಮ ಇಡ್ರಿ, ಇಲ್ಲಾಂದ್ರ ಗ್ವಾಡಿಗೆ ಹಾಕಂಗಿಲ್ಲ."

ಜರ್ಮನಿಯ ಒಂದು ಹಳೆಯ ಮರದಚ್ಚನ್ನು, ಹಲಗೆ ಕೆತ್ತಿ ಮಸಿ ಹಚ್ಚಿ ಒತ್ತಿದ ಚಿತ್ರವನ್ನು, ನೋಡಿದಾಗಿನಿಂದ ನನಗೆ ಇಂಥದ್ದೊಂದು ಬೇಕಿತ್ತು. ಯುದ್ಧ ಮುಗಿದ ಮೇಲೆ ಒಬ್ಬರಿಗೊಬ್ಬರು ಒತ್ತಿ ನಿಂತ ಹೆಂಗಸರು, ಯಾರ ಮುಖದಲ್ಲೂ ನಗುವಿಲ್ಲ. ಸಾಲಗುಂದದಲ್ಲಿ ಭತ್ತ ನಾಟಿ ಮಾಡುವ ಏಳು ಜನರನ್ನು ನನ್ನ ಹಲಗೆಯಲ್ಲಿ ಹಾಗೇ ನಿಲ್ಲಿಸಿದೆ. ನಡುವೆ ಆದೆಮ್ಮ. ಗುಂಪಿಗೆ ಹಿರಿಯಳು, ಗಂಡ ತೀರಿಕೊಂಡವಳು.

ಸಂಜೆ ಗದ್ದೆಗೇ ಹೋಗಿ ಅವರಿಗೆ ವಿರೂಪಣ್ಣನ ಮಾತು ಹೇಳಿದೆ. ಹಲಗೆಯಲ್ಲಿ ಕೆತ್ತಿದ್ದು ಅಚ್ಚಿನಲ್ಲಿ ಬಿಳಿ, ಬಿಟ್ಟದ್ದು ಕಪ್ಪು. ಆದೆಮ್ಮನ ಹಣೆಯನ್ನು ಪೂರ್ತಿ ಕೆತ್ತಿಯಾಗಿದೆ, ಕೆತ್ತಿ ತೆಗೆದ ಮರ ಮತ್ತೆ ಬರುವುದಿಲ್ಲ. ಮೇಲೆ ಬಣ್ಣ ಬಳಿಯಲು ನನಗೆ ಮನಸ್ಸಿಲ್ಲ.

ಆದೆಮ್ಮನ ಪಕ್ಕ ನಾಟಿ ಮಾಡುತ್ತಿದ್ದ ಹುಲಿಗೆಮ್ಮ ಸಸಿಯ ಕಟ್ಟು ಕೆಳಗಿಟ್ಟಳು. "ಆಕಿಗೆ ಇಡಾಕ ಬರಂಗಿಲ್ಲಂದ್ರ ನಮ್ಮವು ತೆಗಿ ಬೇ."

"ನಿನ್ನ ಗಂಡ ಬದುಕ್ಯಾನಲ್ಲ!" ಎಂದೆ.

"ಬದುಕ್ಲಿ. ಹಲಗಿ ಮ್ಯಾಲಿನ ಬೊಟ್ಟು ಹೋದ್ರ ಅವ ಸಾಯಂಗಿಲ್ಲ."

ಉಳಿದವರೂ ಹೂಂ ಅಂದರು. ಹೋದ ತಿಂಗಳು ಮದುವೆಯಾದ ಅಂಜಲಿ ಮಾತ್ರ ತಲೆ ತಗ್ಗಿಸಿದಳು.

ಮನೆಗೆ ಬಂದು ಐದು ಬೊಟ್ಟು ಕೆತ್ತಿ ತೆಗೆದೆ. ಅಂಜಲಿಯದನ್ನು ಬಿಟ್ಟಿದ್ದೆ. ಈಗಷ್ಟೇ ಅವಳ ಫೋನು.

"ಅಕ್ಕಾ, ನಂದೊಂದು ಉಳಿಸೀಯೇನು? ತೆಗಿ."

ತೆಗೆದೆ. ನಾಳೆ ವಿರೂಪಣ್ಣ ಎಷ್ಟು ಹಣೆಗೆ ಕುಂಕುಮ ಇಡುತ್ತಾನೋ ನೋಡೇ ಬಿಡುತ್ತೇನೆ.